ಎರಡು ಚಪ್ಪಾಳೆ

ಆರಿಸಿದ ಮೇಣದ ಬತ್ತಿಯ ಹೊಗೆ, ಹಳೆಯ ತೊಗಲು, ಹುಳು ಕೊರೆದ ಮರ. ಈ ಮೂರೂ ಬೆರೆತ ವಾಸನೆ ಮೂಗಿಗೆ ತಾಗಿದರೆ ಸಾಕು, ಗುರುಗಳಿಗೆ ಬಾಲ್ಯ ನೆನಪಾಗುತ್ತಿತ್ತು. ನೆನಪಾದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ. ಚರ್ಚಿನ ಆರ್ಗನ್ ವಾದಕರಿಗಾಗಿ ನಡೆಯುವ ಬೇಸಿಗೆಯ ಉನ್ನತ ತರಗತಿಯಲ್ಲಿ, ಆರು ವರ್ಷದ ತಾವು ಆರ್ಗನ್ನಿನ ಹೊಟ್ಟೆಯೊಳಗೆ ತೆವಳಿ ಹೋದ ಕಥೆಯನ್ನು ಐದು ದಿನವೂ ಬೆಳಿಗ್ಗೆ ಹೇಳಿದ್ದರು. ಹೋದವರು ಹೊರಗೆ ಬಂದದ್ದಾದರೂ ಯಾಕೆ ಎಂದು ಶಿಷ್ಯರಲ್ಲಿ ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ.

ಇಂದು ಕೊನೆಯ ದಿನ. ಮಧ್ಯಾಹ್ನ ಹನ್ನೆರಡೂವರೆ. ಗುರುಗಳು ಎಂದಿನಂತೆ ಕೆಳಗೆ ಮೂರನೆಯ ಬೆಂಚಿನಲ್ಲಿ, ಮನೆಯಿಂದ ತಂದ ಮೆತ್ತೆಯ ಮೇಲೆ ಕೂತಿದ್ದರು. ಆರ್ಗನ್ ಇದ್ದದ್ದು ಅವರ ಬೆನ್ನ ಹಿಂದೆ, ಮೇಲಿನ ಅಟ್ಟದಲ್ಲಿ. ನುಡಿಸುವವರ ಮುಂದೆ ಪರದೆ. ಮುಖ ನೋಡಿದರೆ ಕಿವಿ ಕೆಡುತ್ತದೆ ಎಂಬುದು ಗುರುಗಳ ಸಿದ್ಧಾಂತ. ಅವರು ಒಂದು ಚಪ್ಪಾಳೆ ತಟ್ಟಿದರೆ ಶುರು ಮಾಡಬೇಕು, ಎರಡು ತಟ್ಟಿದರೆ ನಿಲ್ಲಿಸಬೇಕು. ನಾಲ್ಕು ದಿನಗಳಲ್ಲಿ ಆ ಚರ್ಚಿನಲ್ಲಿ ಆರ್ಗನ್ನಿಗಿಂತ ಹೆಚ್ಚಾಗಿ ಕೇಳಿಸಿದ್ದು ಎರಡು ಚಪ್ಪಾಳೆ.

ಈಗ ಒಂದು ಸಣ್ಣ ಚರ್ಚಿನಿಂದ ಬಂದಿದ್ದ ಹೆಂಗಸಿನ ಸರದಿ. ಇಪ್ಪತ್ತೆರಡು ವರ್ಷದಿಂದ ತನ್ನ ಚರ್ಚಿನಲ್ಲಿ ನುಡಿಸುತ್ತಿದ್ದ ಆಕೆಗೆ ಅಲ್ಲಿಯ ಹೊಸ ಆಡಳಿತ ಮಂಡಳಿ ಒಂದು ಮಾತು ಹೇಳಿ ಕಳಿಸಿತ್ತು. ಗುರುಗಳ ಕೈಬರಹದ ಅಭಿಪ್ರಾಯ ತಂದರೆ ಕೆಲಸ ಉಂಟು, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ. ಆ ಅಭಿಪ್ರಾಯದ ಹಾಳೆ ಗುರುಗಳ ತೊಡೆಯ ಮೇಲಿತ್ತು. ಇನ್ನೂ ಖಾಲಿ.

ಪಾಪ, ಆಕೆ ಈವರೆಗೆ ಒಂದು ಪುಟವನ್ನೂ ಪೂರ್ತಿ ನುಡಿಸಿರಲಿಲ್ಲ. ಬಿಟ್ಟರೆ ತಾನೆ.

"ಅಮ್ಮಾ, ನುಡಿಸ್ತಿದ್ದೀರೋ, ಬಟ್ಟೆ ಒಗೀತಿದ್ದೀರೋ?" ಎಂದಿದ್ದರು ಗುರುಗಳು ಎರಡನೆಯ ದಿನ.

"ಇಲ್ಲಿ ಸರಿಯಾಗೇ ಕೇಳಿಸ್ತಿದೆಯಲ್ಲ ಸರ್," ಎಂದಿದ್ದಳು ಆಕೆ, ಮೇಲಿನಿಂದ.

"ತನ್ನ ಬೆನ್ನು ತನಗೆ ಕಾಣಲ್ಲಮ್ಮಾ. ಅದಕ್ಕೇ ಕೆಳಗೆ ಒಬ್ಬ ಕೂತಿರಬೇಕು."

ಆಕೆ ಆ ಮಾತನ್ನು ಚೊಕ್ಕವಾಗಿ ನೋಟುಪುಸ್ತಕದಲ್ಲಿ ಬರೆದುಕೊಂಡಿದ್ದಳು.

ಈ ಕೃತಿಯನ್ನು ಹೇಗೆ ನುಡಿಸಬೇಕೆಂದು ಗುರುಗಳು ಮೊದಲ ದಿನವೇ ತೋರಿಸಿಕೊಟ್ಟಿದ್ದರು. ಪೆಡಲ್ಲಿನ ಮೇಲೆ ಅವರ ಬಲಗಾಲು ಪ್ರತಿ ಸಲವೂ ಒಂದಿಷ್ಟು ತಡವಾಗಿ ಬಿತ್ತು. ಅದು ಗಾಂಭೀರ್ಯ ಎಂದರು. ಕೊನೆಯ ಸಾಲಿಗೆ ಮುಂಚೆ, ಕೇಳುವವರೆಲ್ಲ ಕೆಮ್ಮಿ ಮುಗಿಸುವಷ್ಟು ಹೊತ್ತು ಕೈ ಎತ್ತಿ ಕೂತರು. ಅದು ಉಸಿರು ಎಂದರು. ಆ ಚರ್ಚಿನ ಆರ್ಗನ್ನಿಗೆ ಶ್ರುತಿ ಮಾಡುವ ಮುದುಕ ತಲೆ ಕೆರೆದುಕೊಂಡು ಮುಂದೆ ಬಂದಿದ್ದ.

"ನೀವು ನುಡಿಸಿದ್ದೆಲ್ಲಾ ಹಿಡಿದಿಟ್ಟಿದ್ದೀನಿ ಸರ್. ಗುಂಡಿ ಒತ್ತಿದ್ರೆ ಆರ್ಗನ್ ತಾನೇ ಹಾಗೇ ನುಡಿಸುತ್ತೆ, ಒಂದು ಕೂದಲೂ ಆಚೀಚೆ ಆಗಲ್ಲ. ಇಲ್ಲಿ ನುಡಿಸೋರೆಲ್ಲ ಕೆಳಗಿಳಿದು ತಮ್ಮದನ್ನ ಒಂದ್ಸಲ ಕೇಳ್ಕೋತಾರೆ."

"ಕಲಿಯೋರು ಕೇಳ್ಕೊಳ್ಳಲಿ. ನಾನು ಕನ್ನಡಿ ಮುಂದೆ ಕೂರೋ ವಯಸ್ಸು ದಾಟಿದೀನಿ."

ಅದೇ ದಿನ ತಮ್ಮ ರಕ್ತದೊತ್ತಡದ ಬಗ್ಗೆಯೂ, ಉಪ್ಪಿನ ಬಗ್ಗೆ ವೈದ್ಯರು ಹೇಳಿದ್ದರ ಬಗ್ಗೆಯೂ ಗುರುಗಳು ಕಾಲು ಗಂಟೆ ಮಾತಾಡಿದ್ದರು. ಮರುದಿನದಿಂದ ಮಧ್ಯಾಹ್ನದ ಹೊತ್ತಿಗೆ ಬೆಂಚಿನ ತುದಿಯಲ್ಲಿ ಒಂದು ಸ್ಟೀಲ್ ಡಬ್ಬಿ ಇರುತ್ತಿತ್ತು. ಉಪ್ಪಿಲ್ಲದೆ ಬೇಯಿಸಿದ ತರಕಾರಿ, ಮೆತ್ತನೆಯ ಬ್ರೆಡ್ಡು, ಬಟ್ಟೆಯಲ್ಲಿ ಸುತ್ತಿದ ಚಮಚ. ಇಟ್ಟವರು ಯಾರೆಂದು ಗುರುಗಳು ವಿಚಾರಿಸಿರಲಿಲ್ಲ. ಸೂರ್ಯ ಯಾಕೆ ಹುಟ್ಟುತ್ತಾನೆಂದೂ ಅವರು ವಿಚಾರಿಸಿದವರಲ್ಲ.

ಗುರುಗಳು ಒಂದು ಚಪ್ಪಾಳೆ ತಟ್ಟಿದರು. ಮೇಲೆ ಆರ್ಗನ್ ಶುರುವಾಯಿತು.

ಎರಡು ಸಾಲು ಮುಗಿಯುವುದರೊಳಗೆ ಅವರ ಹುಬ್ಬು ಗಂಟಾಯಿತು. "ಬಲಗಾಲಿಗೆ ಏನಾಗಿದೆಯಮ್ಮಾ? ಮೆಟ್ಟಿಲ ಮೇಲೆ ಉಳುಕಿತೋ?"

ದಿನವೂ ಇಂಥ ಮಾತಿಗೆ ನಗುತ್ತಿದ್ದ ಹಿಂದಿನ ಬೆಂಚಿನ ಶಿಷ್ಯರು ಇಂದು ನಗಲಿಲ್ಲ. ಯಾರೋ ಕೆಮ್ಮಿದರು.

ಗುರುಗಳು ಎರಡು ಚಪ್ಪಾಳೆ ತಟ್ಟಿದರು. ಆರ್ಗನ್ ನಿಲ್ಲಲಿಲ್ಲ. ಇನ್ನೂ ಜೋರಾಗಿ ಎರಡು ತಟ್ಟಿದರು. ಅದು ತನ್ನ ಪಾಡಿಗೆ ತಾನು ಮುಂದೆ ಹೋಯಿತು.

"ಕಲೀದಿದ್ರೂ ಸೊಕ್ಕಿಗೇನೂ ಕಮ್ಮಿ ಇಲ್ಲ," ಎಂದು ಗುರುಗಳು ಪೆನ್ನಿನ ಮುಚ್ಚಳ ತೆಗೆದರು. ನಾಲ್ಕು ದಿನ ನೋಡಿದ್ದರು, ಇಷ್ಟು ಕೆಟ್ಟದಾಗಿ ಆಕೆ ಒಮ್ಮೆಯೂ ನುಡಿಸಿರಲಿಲ್ಲ. 'ಕಾಲು ಸೋಮಾರಿ' ಎಂದು ಬರೆದರು. 'ಬೆರಳು ಒರಟು' ಎಂದು ಬರೆದರು. ಕೊನೆಯ ಸಾಲಿಗೆ ಮುಂಚೆ ಆರ್ಗನ್ ಸುಮ್ಮನಾಯಿತು. ಸುಮ್ಮನೇ ಇತ್ತು.

"ಮಲಗಿಬಿಟ್ರಾ?" ಎಂದು ಗುರುಗಳು ತಿರುಗದೆಯೇ ಕೂಗಿದರು. "ಕುಣಿಯಲಾರದೋಳು ನೆಲ ಡೊಂಕು ಅಂದಳಂತೆ. ಆರ್ಗನ್ನಿಗೆ ಬಿಸಿಲು ಹೊಡೀತು ಅಂತೀರೇನೋ."

ಅವರು ಹಾಳೆಯ ತಳದಲ್ಲಿ, 'ಇವರಿಗೆ ತಮ್ಮ ತಪ್ಪು ತಮಗೇ ಕೇಳಿಸುವುದಿಲ್ಲ. ಇವರನ್ನು ಆರ್ಗನ್ನಿನ ಮುಂದೆ ಕೂರಿಸುವುದು ಸಂಗೀತಕ್ಕೆ ಮಾಡುವ ದ್ರೋಹ' ಎಂದು ಬರೆದು, ಸಹಿ ಹಾಕಿ, ಸಹಿಯ ಕೆಳಗೆ ಎರಡು ಗೆರೆ ಎಳೆದರು. ಆಗ ಮೇಲೆ ಕೊನೆಯ ಸಾಲು ಶುರುವಾಯಿತು. ಬಲಗಾಲು ಮತ್ತೆ ತಡ.

"ಮೊದಲನೇ ದಿನ ನೀವು ನುಡಿಸಿದ್ದು ಸರ್, ಇನ್ನೊಂದೇ ಸಾಲಿದೆ. ಮುಗೀಲಿ, ಆಮೇಲೆ ನಿಧಾನವಾಗಿ ಊಟ ಮಾಡಿ. ಉಪ್ಪು ಹಾಕಿಲ್ಲ," ಎಂದು ಮೆಲ್ಲನೆ ಹೇಳಿ, ಬೆಂಚಿನ ಪಕ್ಕದಲ್ಲಿ ನಿಂತಿದ್ದ ಸಣ್ಣ ಚರ್ಚಿನ ಹೆಂಗಸು ಸ್ಟೀಲ್ ಡಬ್ಬಿಯನ್ನೂ ಅದರ ಮೇಲೆ ಹೊಸದೊಂದು ಖಾಲಿ ಹಾಳೆಯನ್ನೂ ಗುರುಗಳ ಕೈಗೆ ಕೊಟ್ಟಳು.