ಸತ್ತ ಎಮ್ಮೆ ಸೀನಿತು

ಸತ್ತ ಎಮ್ಮೆ ಕೊಟ್ಟಿಗೆಯೊಳಗೆ ಸೀನಿತು.

ಕಿಶೋರನ ಪೆನ್ನು ನಿಂತಿತು. ಎದುರಿಗೆ ಕೈಮುಗಿದು ನಿಂತಿದ್ದ ಹುಸೇನಪ್ಪನ ಉಸಿರೂ ನಿಂತಿತು.

“ಎಮ್ಮಿ ಹೊಳಿಗೆ ಸತ್ತದ ಅಂದಿ?”

“ಹೌದ್ರಿ ಸಾಹೇಬ್ರ.”

“ಮತ್ತ ಒಳಗ ಸೀನಿದ್ದು ನಿಮ್ಮ ಅತ್ತಿಯೇನು?”

ಮರಾಠಿ ನಾಡಿನ ಇಂದಾಪುರದ ಕಡೆ ನೀರಾ ಹೊಳೆ ಉಕ್ಕಿ ಎಂಟು ದಿನವಾಗಿತ್ತು. ವಿಮೆಯಿಲ್ಲದ ದನಕರು ಕಳೆದುಕೊಂಡವರಿಗೆ ಸರ್ಕಾರ ಪರಿಹಾರ ಕೊಡುತ್ತಿತ್ತು. ಮನೆಮನೆಗೆ ಹೋಗಿ ಪಂಚನಾಮೆ ಬರೆಯುವುದು ಕಿಶೋರನ ಕೆಲಸ. ಯಾದಗಿರಿಯಿಂದ ಕಬ್ಬು ಕಡಿಯಲು ಬಂದು ಇಲ್ಲೇ ನೆಲೆನಿಂತ ಹುಸೇನಪ್ಪನ ಜೊತೆ ಬಾಯ್ತುಂಬ ಕನ್ನಡ ಮಾತಾಡುವ ಖುಷಿ ಆ ಒಂದೇ ಸೀನಿಗೆ ಹಾರಿಹೋಯಿತು.

ಬೆಳಗಿನ ಮೊದಲ ಅರ್ಜಿ ಎಷ್ಟು ಸಲೀಸಾಗಿತ್ತು! ಹೊಳೆಯ ಮೇಲ್ಗಡೆ ಹಳ್ಳಿಯ ರುದ್ರವ್ವ. ಎಮ್ಮೆ ಕೊಚ್ಚಿಹೋಗಿತ್ತು, ಹೆಣ ಸಿಕ್ಕಿರಲಿಲ್ಲ. ಇಬ್ಬರು ಸಾಕ್ಷಿ ನುಡಿದರು, ಕಿಶೋರ ಸಹಿ ಹಾಕಿದ. ಮುದುಕಿ ಸುಳ್ಳಾಡುವವಳಲ್ಲ, ಅವನಿಗದು ಖಾತ್ರಿ. ಪಾಕೀಟಿನ ಹಾಲಿನ ಚಹಾ ಮುಂದಿಟ್ಟು, “ಎಂಟು ದಿನದಿಂದ ಇದೇ ನೋಡಪಾ” ಎಂದು ಕಣ್ಣೊರೆಸಿಕೊಂಡಿದ್ದಳು.

ಕಿಶೋರ ಕೊಟ್ಟಿಗೆಗೆ ನುಗ್ಗಿದ. ಹುಸೇನಪ್ಪನ ಹೆಂಡತಿ ಅವ್ವಮ್ಮ ಬಕೀಟು ಹಿಡಿದು ಎಮ್ಮೆಯ ಕೆಳಗೆ ಕೂತಿದ್ದಳು. ಕೋಡಿನವರೆಗೂ ಕೆಸರು ಮೆತ್ತಿದ ಎಮ್ಮೆ. ಎಮ್ಮೆಗಳ ಮುಖ ಗುರುತಿಸುವ ವಿದ್ಯೆ ಕಿಶೋರನಿಗಿರಲಿಲ್ಲ. ಅವನ ಪಾಲಿಗೆ ಎಲ್ಲವೂ ಕಪ್ಪು.

“ಇದು ನಮ್ಮದಲ್ರಿ,” ಎಂದಳು ಅವ್ವಮ್ಮ. “ನಮ್ಮದು ಗೂಟದಾಗ ಕಟ್ಟಿದಲ್ಲೇ ಮುಳುಗ್ತು. ಅರಿಶಿನ ಕುಂಕುಮ ಹಚ್ಚಿ ಅವತ್ತೇ ಮಣ್ಣು ಮಾಡಿದ್ವಿ. ಮರುದಿನ ಇದು ಹೊಳಿಯಿಂದ ಎದ್ದು ಬಂತು.”

“ಹೆಣದ ಫೋಟೋ ಎಲ್ಲಿ?”

“ಹಾಲು ಕೊಟ್ಟ ತಾಯಿ ಹೆಣದ ಫೋಟೋ ಯಾರು ತಗೀತಾರ್ರಿ?”

“ಭಾಳ ಛಲೋ. ಒಂದು ಹೋತು, ಮರುದಿನ ಒಂದು ಬಂತು. ಹೊಳಿ ಏನು ಅಂಗಡಿ ಇಟ್ಟದೇನು, ಬದಲಿ ಮಾಲು ಕೊಡಾಕ?”

“ನಮ್ಮದಾಗಿದ್ರ ಹಾಲು ಇಳಸ್ತಿರಲಿಲ್ಲೇನ್ರಿ?” ಅವ್ವಮ್ಮ ಬಕೀಟು ಓರೆಮಾಡಿ ತೋರಿಸಿದಳು. ತಳ ಮಾತ್ರ ಒದ್ದೆಯಾಗಿತ್ತು. “ದಿನಾ ಕಾಲು ಹಿಡ್ಕೊಂತೀನಿ. ಪಾವಿನ ಮ್ಯಾಲ ಕೊಡವಲ್ದು.”

“ನಾಟಕ ಸಾಕು,” ಎಂದ ಕಿಶೋರ.

“ಹಂಗ ಅನ್ನಬ್ಯಾಡ್ರಿ,” ಹುಸೇನಪ್ಪ ಅಡ್ಡ ಬಂದ. “ಇದರ ಮಾಲಕ ಬಂದ್ರ ಹೊಡಕೊಂಡು ಹೋಗ್ತಾನ. ಸರ್ಕಾರದ ರೊಕ್ಕ ಬಂದ್ರ ನಮಗೊಂದು ಎಮ್ಮಿ ಆಗ್ತದ. ಬರಲಿಲ್ಲಂದ್ರ ಕುಡಗೋಲು ತಗೊಂಡು ಇಬ್ಬರೂ ಮತ್ತ ಕಬ್ಬಿನ ಗದ್ದಿಗೇ.”

ಕಿಶೋರ ಕಿವಿಗೊಡಲಿಲ್ಲ. ಮೇವು ಹಾಕುವ ಗ್ವಾದಲಿಯ ಕಟ್ಟೆಯ ಮೇಲೆ ಕೂತು, ಅರ್ಜಿ ತೊಡೆಯ ಮೇಲಿಟ್ಟುಕೊಂಡು, ಅದನ್ನು ತಳ್ಳಿಹಾಕಲು ‘ಅರ್ಜಿದಾರನ ಎಮ್ಮೆ’ ಎಂದು ಬರೆಯತೊಡಗಿದ. ಸಿಟ್ಟು ಬಂದಾಗ ಅವನಿಗೊಂದು ಚಟ. ಚಿಕ್ಕಂದಿನಲ್ಲಿ ಬೆಳಿಗ್ಗೆ ಸಂಜೆ ಹಾಲು ಕರೆಯುವ ಹೊತ್ತಿಗೆ ಕಿವಿಗೆ ಬಿದ್ದ ಪದವೊಂದು ತಾನಾಗಿ ಬಾಯಿಗೆ ಬರುತ್ತಿತ್ತು.

“ಬಾರವ್ವ ನನ ತಾಯಿ, ಬಾಗಿಲಾಗ ನಿಲ್ಲವ್ವ, ಹಾಲಿನ ಹೊಳಿಯ ಹರಿಸವ್ವ…”

ಎಮ್ಮೆ ಕಿವಿ ನಿಮಿರಿಸಿತು. ಕತ್ತು ಹೊರಳಿಸಿ ಅವನನ್ನೇ ನೋಡಿತು. ಸರ್ರನೆ ಬಕೀಟಿಗೆ ಧಾರೆ ಬಿತ್ತು.

“ನಿಲ್ಲಸಬ್ಯಾಡ್ರಿ ಸಾಹೇಬ್ರ, ಹಾಡ್ರಿ!” ಅವ್ವಮ್ಮ ಕೂಗಿದಳು. ಎರಡೂ ಕೈಯಲ್ಲಿ ಹಿಂಡಿದರೂ ಸಾಲದು. ನೊರೆ ಉಕ್ಕಿ ಬಕೀಟಿನ ಕಂಠಕ್ಕೆ ಬಂತು. “ಅಯ್ಯ ಶಿವನ! ಈ ಪದ ನಿಮಗ ಯಾರು ಕಲಿಸ್ಯಾರ್ರಿ?”

ಕಿಶೋರ ಬೆವರೊರೆಸಿಕೊಂಡ. “ಯಾರೂ ಕಲಿಸಿಲ್ಲ. ಮುದುಕಿಯೊಬ್ಬಾಕಿ ತಾನೇ ಕಟ್ಟಿದ್ದು. ಆಕಿ ಬಿಟ್ರ ಯಾರೂ ಹಾಡಂಗಿಲ್ಲ.”

ಅವನು ಹುಸೇನಪ್ಪನ ಅರ್ಜಿಗೆ ಸಹಿ ಹಾಕಿ, ಚೀಲದಿಂದ ರುದ್ರವ್ವನ ಅರ್ಜಿ ತೆಗೆದು ಉದ್ದಕ್ಕೂ ಗೀಟು ಎಳೆದು, ಫೋನ್ ಹಚ್ಚಿದ: “ಅವ್ವಾ, ನಾನು, ನಿನ್ನ ಕಿಶೋರ. ಪಾಕೀಟಿನ ಹಾಲು ಬಂದ್ ಮಾಡು.”