ಊರ ಮುಂದಣ ತೀಥರ್

ಗೆಳತಿ ಕಳಿಸಿದ್ದ ಶಾಸನಪಾಠದ ಫೈಲಿನಲ್ಲಿ 'ಊರ ಮುಂದಣ ತೀಥರ್' ಎಂದಿತ್ತು. ಯಾವ ನಿಘಂಟಿನಲ್ಲೂ ಆ ಪದವಿರಲಿಲ್ಲ. ಮರುದಿನವೇ ವಿಚಾರ ಸಂಕಿರಣದಲ್ಲಿ ಆ ಶಾಸನದ ಮೇಲೆ ಪ್ರಬಂಧ ಓದಬೇಕು. ಸುಗುಣಾವತಿಗೆ ಕೂತಲ್ಲಿ ಕೂರಲಾಗಲಿಲ್ಲ. ಫೈಲು ಹಿಡಿದು ವಿಭಾಗದಿಂದ ವಿಭಾಗಕ್ಕೆ ಅಲೆದಳು.

"ಅರಸರ್, ಒಕ್ಕಲರ್ ಅಂದ ಹಾಗೆ ಇದೂ ಹಳಗನ್ನಡದ ಬಹುವಚನ ಕಣಮ್ಮ. ಅನುಮಾನವೇ ಬೇಡ," ಎಂದರು ವ್ಯಾಕರಣ ಕಲಿಸುವ ರುದ್ರಮುನಿ ಮೇಷ್ಟ್ರು.

"ಊರ ಮುಂದಣ ಅಂದ್ರೆ ಊರೊಳಗೆ ಬಿಟ್ಕೊಳ್ದೆ ಇದ್ದ ಜನ. ಮರೆತೇಹೋದ ಸಮುದಾಯ ಕಣ್ರೀ ಇದು!" ಎಂದರು ಇತಿಹಾಸದ ಮೇಡಂ.

ಜಾನಪದ ವಿಭಾಗದ ಹಿರಿಯರಂತೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ತೀಥರ ಹಾಡು ನಮ್ಮಜ್ಜಿ ಹೇಳ್ತಿದ್ರು. ಧೈರ್ಯವಾಗಿ ಬರಿ, ತಾಯಿ."

ಬರೆದಳು. ಒಂದೇ ಉಸಿರಿನಲ್ಲಿ ಹನ್ನೆರಡು ಪುಟ, 'ತೀಥರ್: ಊರಾಚೆಯ ಕಣ್ಣೀರು'. ಶಾಸನಪಾಠದ ಫೈಲನ್ನೂ ಜೊತೆಗಿಟ್ಟು ಟೈಪಿಗೆ ಕೊಟ್ಟು ಮನೆಗೆ ಬಂದಳು.

ಸಂಜೆ ಡಿಟಿಪಿ ಅಂಗಡಿಯ ಮೆಹರುನ್ನೀಸಾ ಫೋನ್ ಮಾಡಿದಳು.

"ಮೇಡಂ, ನೀವು ಕೊಟ್ಟ ಶಾಸನದ ಫೈಲು ಹಳೇ ಫಾಂಟಿಂದ ಯೂನಿಕೋಡ್‌ಗೆ ಬದಲಾಯಿಸಿದ್ದಲ್ವಾ? ಹಂಗೆ ಮಾಡ್ದಾಗ ಅರ್ಕಾವತ್ತು ಜಾಗ ತಪ್ಪುತ್ತೆ. ನೀವೇನೂ ಯೋಚ್ನೆ ಮಾಡ್ಬೇಡಿ, ಹನ್ನೆರಡು ಪುಟದಲ್ಲೂ 'ತೀರ್ಥ' ಅಂತ ತಿದ್ದಿ ಪ್ರಿಂಟ್ ತೆಗ್ದಿಟ್ಟಿದೀನಿ."