ಕಿವಿಯಿದ್ದ ತಕ್ಕಡಿ

"ಮೂರು ಕೆಜಿ ನೂರು ಗ್ರಾಂ!"

ಸಿಸ್ಟರ್ ಭಾನು ಕೂಗಿದ್ದು ವರಾಂಡದ ಬೆಂಚುಗಳವರೆಗೂ ಕೇಳಿಸಿತು. ಅಲ್ಲಿ ಶಿವಲಕ್ಷ್ಮಿಯ ಊರಿನ ಹೆಂಗಸರು ಕೂಸುಗಳನ್ನು ತೊಡೆಯ ಮೇಲೆ ಹಾಕಿಕೊಂಡು ಸಾಲಾಗಿ ಕುಳಿತಿದ್ದರು.

"ಓದ್ವಾರಕ್ಕಿಂತ ಇನ್ನೂ ಇಳೀತಲ್ಲ..." ಶಿವಲಕ್ಷ್ಮಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಎರಡು ತಿಂಗಳ ಮಗು. ಪಕ್ಕದಲ್ಲಿ ನಿಂತ ಅತ್ತೆ ದೊಡ್ಡಮಾದಮ್ಮನ ಮುಖದಲ್ಲಿ ಮಾತ್ರ ಎಂಥದೋ ನಿರಾಳ. ಅದನ್ನು ಕಂಡು ರಾಜಶೇಖರನಿಗೆ ಮೈ ಉರಿಯಿತು.

ಗುಂಡ್ಲುಪೇಟೆಯ ಈ ನರ್ಸಿಂಗ್ ಹೋಮಿಗೆ ಎಲೆಕ್ಟ್ರಾನಿಕ್ ತಕ್ಕಡಿ ಮಾರಿದವನು ಅವನೇ. ಫೋನು ಬಂದ ಕೂಡಲೇ ಚಾಮರಾಜನಗರದಿಂದ ಬಸ್ಸು ಹತ್ತಿ ಬಂದಿದ್ದ. ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದ್ದರು: "ಮಗು ಲವಲವಿಕೆಯಾಗೇ ಇದೆ, ಆದ್ರೆ ತೂಕ ವಾರವಾರ ಇಳೀತಿದೆ. ನಿಮ್ಮ ಮಿಷನ್ ಸರಿಯಿದ್ರೆ ಈಗಲೇ ಮೈಸೂರಿಗೆ ಕಳಿಸ್ತೀನಿ. ಮೂಗಿಗೆ ನಳಿಗೆ ಹಾಕ್ಬೇಕಾಗುತ್ತೆ. ಕೆಟ್ಟಿದ್ರೆ ಬೇಡ. ಬೇಗ ನೋಡಿ ಹೇಳಿ."

ಹೊರಗೆ ಮೈಸೂರಿಗೆ ಹೊರಡಲು ಜೀಪು ಆಗಲೇ ಗುರುಗುಟ್ಟುತ್ತಿತ್ತು.

ರಾಜಶೇಖರ ಎರಡು ಕೆಜಿ ತೂಕದ ಕಲ್ಲಿಟ್ಟ, ಸರಿಯಾಗಿ ಎರಡು. ಐದಿಟ್ಟ, ಐದು. ತಟ್ಟೆ ಬಿಚ್ಚಿದ. ಮಕ್ಕಳ ಉಚ್ಚೆ ತೂಕ ಅಳೆಯುವ ಸೆನ್ಸರಿಗೆ ಇಳಿದಿರಬಹುದೆಂದು ಒರೆಸಿದ. ವೈರು ಅಲ್ಲಾಡಿಸಿದ, ಫ್ಯಾನ್ ಆರಿಸಿದ. ಕೊನೆಗೆ ಚೀಲದಿಂದ ಹೊಸ ಸೆನ್ಸರನ್ನೇ ತೆಗೆದು ಕೂರಿಸಿದ. ಬಟ್ಟೆ ಹಾಸಿ ಮಗುವನ್ನು ಮಲಗಿಸಿದರು.

"ಮೂರು ಕೆಜಿ ಐವತ್ತು!"

ಇನ್ನೂ ಇಳಿಯಿತು.

"ನೋಡೋಕೆ ಗುಂಡುಗುಂಡಗೇ ಇದ್ದಾಳಲ್ಲ ಅಜ್ಜಿ," ಎಂದಳು ಭಾನು.

"ಸುಮ್ಕಿರವ್ವ! ಇದ್ಯಾವ ಗುಂಡು? ಒಣಕಲು ಕಡ್ಡಿ. ಮೂತಿ ನೋಡು, ಕೋತಿಮರಿ ಇದ್ದಂಗದೆ!" ಮುದುಕಿ ಬಟ್ಟೆಯನ್ನು ಕೂಸಿನ ಕತ್ತಿನವರೆಗೂ ಎಳೆದಳು. ಮೊದಲನೆಯದೇ ಹೆಣ್ಣಾಯಿತಲ್ಲ, ಅದರ ಉರಿ ಇರಬೇಕು ಎಂದುಕೊಂಡ ರಾಜಶೇಖರ.

"ಮೈಸೂರ್ಗೇ ಓಗನ ಬುಡು ಕಣಮ್ಮಿ," ಎಂದಳು ಸೊಸೆಗೆ. "ಅಲ್ಲಿ ನಮ್ಮೂರೋರು ಯಾರೂ ಇರಾಕಿಲ್ಲ. ಒಳ್ಳೇದೇ ಆಯ್ತು."

ಶಿವಲಕ್ಷ್ಮಿಯ ಅಳು ಜೋರಾಯಿತು. ಊರವರು ಕಾಣದ ಕಡೆ ಈ ಮುದುಕಿಗೆ ಏನು ಕೆಲಸ? ರಾಜಶೇಖರ ಭಾನುವಿನತ್ತ ತಿರುಗಿದ.

"ಸಿಸ್ಟರ್, ಈ ಸಲ ಬಾಯಿ ಬಿಡ್ಬೇಡಿ. ಅಂಕಿ ಎಲ್ಲಿ ಕುಣಿಯುತ್ತೆ ಅಂತ ನಾನೊಬ್ನೇ ನೋಡ್ಕೋತೀನಿ."

ಮಗುವನ್ನು ಮತ್ತೆ ಮಲಗಿಸಿದರು. ಕೆಂಪು ಅಂಕಿಗಳು ಏರಿ ನಿಂತವು. ನಾಲ್ಕು ಕೆಜಿ ಆರುನೂರು.

ಅವನು ಮಗುವನ್ನು ಎತ್ತಿಸಿದ. "ಇನ್ನೊಂದ್ಸಲ ಮಲಗ್ಸಿ. ಈಗ ನೀವೇ ಓದಿ ಸಿಸ್ಟರ್."

"ಮೂರು ಕೆಜಿ ನೂರು!"

ಮತ್ತೆ ಮೌನವಾಗಿ ನೋಡಿದ. ನಾಲ್ಕು ಆರುನೂರು.

"ಏನ್ರೀ, ನಿಮ್ಮ ಮಿಷನ್‌ಗೆ ಕಿವಿ ಇದ್ಯಾ?" ಎಂದು ಭಾನು ನಕ್ಕಳು.

ರಾಜಶೇಖರ ನಗಲಿಲ್ಲ. ಅವನ ಕಣ್ಣು ಮುದುಕಿಯ ಬಲಗೈ ಹುಡುಕುತ್ತಿತ್ತು. ಕೂಸು ಉರುಳೀತು ಅಂತ ಮೊದಲಿನಿಂದಲೂ ಆ ಕೈಯನ್ನು ಬಟ್ಟೆಯೊಳಗೆ ಇಟ್ಟುಕೊಂಡೇ ಇದ್ದಳು.

"ಇನ್ನೊಂದೇ ಸಲ ಓದಿ ಸಿಸ್ಟರ್," ಎಂದವನೇ, ಭಾನು ಬಾಯಿ ತೆರೆಯುವಷ್ಟರಲ್ಲಿ ಬಟ್ಟೆಯ ಅಂಚು ಎತ್ತಿದ.

ಮಗುವಿನ ಬೆನ್ನ ಕೆಳಗೆ ಅಂಗೈ ಮೇಲಾಗಿ ಮುದುಕಿಯ ಕೈ. ನರಗಳು ಬಿಗಿದಿದ್ದವು. ಮಗುವನ್ನು ತಟ್ಟೆಯಿಂದ ಮೇಲಕ್ಕೆ ಎತ್ತಿ ಹಿಡಿದಿತ್ತು.

"ಏನಜ್ಜಿ ಇದು?" ಎಂದ ರಾಜಶೇಖರ. "ಮಗು ಸಾಯ್ಲಿ ಅಂತಾನಾ?"

"ಬುಡ್ತು ಅನ್ನಪ್ಪ! ಬುಡ್ತು ಅನ್ನು!" ದೊಡ್ಡಮಾದಮ್ಮ ಬೆಚ್ಚಿ ಕೂಸನ್ನು ಎದೆಗವಚಿಕೊಂಡಳು. ಸೆರಗಿನಿಂದ ಅದರ ಅಂಗಾಲಿನ ಕಾಡಿಗೆ ಬೊಟ್ಟನ್ನೂ ಮರೆ ಮಾಡಿದಳು. ಆಮೇಲೆ ಬಾಗಿಲಾಚೆ ಬೆಂಚುಗಳ ಕಡೆ ಒಮ್ಮೆ ನೋಡಿ, ಅವನ ಕಿವಿಯ ಬಳಿ ಬಗ್ಗಿ ಪಿಸುಗುಟ್ಟಿದಳು:

"ನಾಕೂವರೆಗೂ ಮೇಲೆ ಅದೆ ಅಂತ ನಂಗೊತ್ತು ಕಣಪ್ಪ, ದಿನಾ ಎತ್ಕೊಳೋಳು ನಾನಲ್ವಾ? ಈಯವ್ವ ಅದ್ನ ಅಂಗೆ ಕೂಗುದ್ರೆ, ಅಲ್ಲಿ ಕುಂತವ್ರಲ್ಲ, ಅಷ್ಟೂ ಜನದ ಕಣ್ಣು ನನ್ ಬಂಗಾರದ ಮ್ಯಾಲೆ ಬೀಳಾಕಿಲ್ವಾ?"